ಆಳುಪರ ಕಲ್ಲಿನ ಜೋಡಿ ಮೀನು

ಸೋಮವಾರ ಬೆಳಿಗ್ಗೆ ಮಾವ ಫೋನ್ ಮಾಡಿದರು. ನಮ್ಮ ಮಾವ ಹಲೋ ಎನ್ನುವವರಲ್ಲ. ಎತ್ತಿದ ಕೂಡಲೇ ವಿಷಯಕ್ಕೆ ಬರುತ್ತಾರೆ, ವಿಷಯ ಮುಗಿದ ಕೂಡಲೇ ಇಟ್ಟುಬಿಡುತ್ತಾರೆ.

"ಗುರುವಾರ ಹನ್ನೊಂದು ಗಂಟೆಗೆ ಆ ದೊಡ್ಡ ಆಫೀಸರು ಬರ್ತಾರಂತೆ. ಕಲ್ಲು ಓದುವವರನ್ನೂ ಕರ್ಕೊಂಡು ಬರ್ತಾರಂತೆ. ನೀನು ಮೊದಲೇ ಬಂದು ಅದರಲ್ಲಿ ಎಂತ ಬರೆದುಂಟು ಅಂತ ಸರೀ ಓದಿ ಇಡು. ಅವರು ಕೇಳುವಾಗ ನೀನು ಬೆಬ್ಬೆಬ್ಬೆ ಅನ್ಬಾರ್ದು."

"ಆಯ್ತು ಮಾವ," ಎಂದೆ. ಫೋನು ಆಗಲೇ ಕಟ್ಟಾಗಿತ್ತು.

ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ, ಮಾವನ ಗಡಸು ಅರ್ಧಕ್ಕರ್ಧ ಸೋರಿಹೋಗಿದೆ. ಅವರು ನನ್ನ ತಾಯಿಯ ತಮ್ಮ, ಎಂಬತ್ತು ದಾಟಿದವರು, ಸುರತ್ಕಲ್ಲಿನಿಂದ ಸ್ವಲ್ಪ ಆಚೆ ಕಡಲ ಬದಿಯಲ್ಲಿರುವ ನಮ್ಮ ಊರಿನ ಗುರಿಕಾರರು. ಗುರಿಕಾರ ಎಂದರೆ ಮೀನು ಹಿಡಿಯುವ ನಮ್ಮ ಮೊಗವೀರರಲ್ಲಿ ಊರಿನ ಹಿರಿಯ. ಪೂಜೆಗೂ ಅವನೇ ಬೇಕು, ಜಗಳಕ್ಕೂ ಅವನೇ ಬೇಕು. ಈ ಹಿರಿತನ ಮಾವನಿಂದ ಸೋದರಳಿಯನಿಗೆ ಬರುವಂಥದ್ದು, ಅಂದರೆ ನನಗೆ ಬರಬೇಕಾದದ್ದು. ನಾನು ಇತಿಹಾಸ ಓದಿ, ಕಾಲೇಜಿನಲ್ಲಿ ಪಾಠ ಹೇಳಿ, ರಿಟೈರ್ ಆಗಿ, ಕಂಕನಾಡಿಯ ಫ್ಲ್ಯಾಟಿನಲ್ಲಿ ಕುಳಿತು ಪೇಪರ್ ಓದುವವನಾದೆ. ಮಾವ ಅದಕ್ಕೂ ಒಂದು ದಿನ ಬೈದವರಲ್ಲ. "ನಮ್ಮವರಲ್ಲಿ ಮೊದಲ ಎಂ.ಎ. ನನ್ನ ಅಳಿಯ" ಎಂದು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದವರು.

ಆಫೀಸರು ಬರುತ್ತಿದ್ದುದು ಒಂದು ಗೋಡೆಯ ವಿಷಯಕ್ಕೆ. ಕಡಲು ಕೊರೆಯುತ್ತದೆಂದು ದಡದುದ್ದಕ್ಕೂ ಕಲ್ಲಿನ ಗೋಡೆ, ಅದರ ಹಿಂದೆ ಒಂದು ರಸ್ತೆ ಎಂದು ನಕ್ಷೆ ಆಗಿತ್ತು. ಆ ಗೆರೆ ಸರಿಯಾಗಿ ನಮ್ಮವರು ದೋಣಿ ಎಳೆದು ಹಾಕುವ ಜಾಗದ ಮೇಲೆ ಹಾದುಹೋಗಿತ್ತು. ದಡದಿಂದಲೇ ಬಲೆ ಬಿಟ್ಟು ಎಳೆಯುವ ಕೈರಂಪಣಿ ನಡೆಯುವುದೂ ಅಲ್ಲೇ. ಗೋಡೆ ಬಂದರೆ ದೋಣಿ ಎಳೆಯುವುದು ಎಲ್ಲಿಗೆ? ಹೋಗಿ ಕೇಳಿದಾಗ ಆಫೀಸರು, "ಜಾಗ ನಿಮ್ಮದು ಅನ್ನೋದಕ್ಕೆ ಏನು ದಾಖಲೆ ಇದೆ?" ಎಂದರು. ನ್ಯಾಯವಾದ ಪ್ರಶ್ನೆಯೇ. ದೋಣಿ ಎಳೆಯುವ ಮರಳಿಗೆ ಯಾರು ಪಹಣಿ ಮಾಡಿಟ್ಟಿರುತ್ತಾರೆ? ಮಾವ ಹಿಂದೆಮುಂದೆ ನೋಡದೆ, "ಆಳುಪ ರಾಜರು ಬರೆದು ಕೊಟ್ಟ ಕಲ್ಲು ಉಂಟು. ನನ್ನ ಅಳಿಯ ಪೇಪರಿನಲ್ಲಿ ಬರೆದಿದ್ದಾನೆ" ಎಂದುಬಿಟ್ಟರು.

ಆಫೀಸರು ನಗಲಿಲ್ಲ. ಒಳ್ಳೆಯ ಮನುಷ್ಯ. "ಅದು ನಿಜವಾಗಲೂ ಹಳೇ ದಾನಶಾಸನ, ನಿಮ್ಮವರಿಗೇ ಕೊಟ್ಟದ್ದು ಅಂತ ಗೊತ್ತಾದರೆ ಗೋಡೆಯನ್ನ ಆ ಜಾಗ ಬಿಟ್ಟು ತಿರುಗಿಸೋದಕ್ಕೆ ನಾನು ಬರೀತೀನಿ" ಎಂದರಂತೆ. ಇಡೀ ಊರು ಆ ಒಂದು ಮಾತಿನ ಮೇಲೆ ಕುಳಿತಿತ್ತು. ಆ ಕಲ್ಲಿನ ಬಗ್ಗೆ ಬರೆದವನು ನಾನು, ಹಾಗಾಗಿ ಊರು ಕುಳಿತಿದ್ದುದು ನನ್ನ ಮೇಲೆ.

ಆ ಬರಹದ ಕಥೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಮೂವತ್ತು ವರ್ಷದ ಹಿಂದೆ ನಾನು ಹೊಸ ಲೆಕ್ಚರರ್. ಮೂಗಿನ ತುದಿಯಲ್ಲೇ ಸಿಟ್ಟು. ಸಿಟ್ಟಿಗೆ ಮುಖ್ಯ ಕಾರಣ ಪಠ್ಯಪುಸ್ತಕ. ಕದಂಬರಿಗೆ ಒಂದು ಪಾಠ, ಚಾಲುಕ್ಯರಿಗೆ ಒಂದು ಪಾಠ, ಹೊಯ್ಸಳರಿಗೆ ಚಿತ್ರ ಸಮೇತ ಒಂದು ಪಾಠ, ವಿಜಯನಗರಕ್ಕೆ ಅರ್ಧ ಪುಸ್ತಕ. ಹೆಚ್ಚುಕಡಿಮೆ ಸಾವಿರ ವರ್ಷ ಈ ಕರಾವಳಿಯನ್ನು ಆಳಿದ ಆಳುಪರಿಗೆ ಒಂದೇ ಒಂದು ಸಾಲು: ಆಳುಪರು ಸಾಮಂತರಾಗಿದ್ದರು. ಮುಗಿಯಿತು! ಯಾರಪ್ಪನ ಸಾಮಂತರು? ಘಟ್ಟದ ಮೇಲೆ ಯಾರು ಗೆದ್ದರೂ ಇವರು ತಲೆ ಬಗ್ಗಿಸಿ, ಕಪ್ಪ ಕೊಟ್ಟು, ಬೆನ್ನು ತಿರುಗಿಸಿ ತಮ್ಮ ಪಾಡಿಗೆ ಆಳಿದರು. ಬನವಾಸಿಯವರು ಹೋದರು, ಬಾದಾಮಿಯವರು ಹೋದರು, ಇವರು ಇದ್ದರು. ಬಗ್ಗುವುದೂ ಒಂದು ವಿದ್ಯೆಯೇ ಎಂದು ನಾನು ಕ್ಲಾಸಿನಲ್ಲಿ ಮೇಜು ಗುದ್ದಿ ಹೇಳುತ್ತಿದ್ದೆ. ಹಿಂದಿನ ಬೆಂಚಿನವರು ಆಕಳಿಸುತ್ತಿದ್ದರು, ನನಗೆ ಇನ್ನಷ್ಟು ಉರಿಯುತ್ತಿತ್ತು.

ಅವರ ರಾಜಧಾನಿ ಮಂಗಳೂರು, ಆಮೇಲೆ ಉದ್ಯಾವರ, ಮತ್ತೆ ಮಂಗಳೂರು, ಕೊನೆಗೆ ಬಾರಕೂರು. ಉದ್ಯಾವರದಲ್ಲಿ ಸಿಂಹಾಸನಕ್ಕಾಗಿ ತಮ್ಮತಮ್ಮೊಳಗೇ ಕಡಿದಾಡಿಕೊಂಡರು. ಸತ್ತ ಆಳುಗಳ ವೀರಗಲ್ಲುಗಳು ಇವತ್ತಿಗೂ ಅದಕ್ಕೆ ಸಾಕ್ಷಿ. ಹೊಯ್ಸಳರ ಕಾಲಕ್ಕೆ ಬಗ್ಗುವುದು ಹೆಣ್ಣು ಕೊಡುವ ತನಕ ಬಂತು. ಕೊನೆಗೆ ವಿಜಯನಗರದವರು ಬಾರಕೂರಿಗೂ ಮಂಗಳೂರಿಗೂ ತಮ್ಮದೇ ಅಧಿಕಾರಿಗಳನ್ನು ಕಳಿಸಿದರು. ಅಲ್ಲಿಂದ ಆಳುಪರು ಶಾಸನಗಳಲ್ಲಿ ಅಪರೂಪವಾಗುತ್ತಾ ಹೋಗುತ್ತಾರೆ, ಆಮೇಲೆ ಇಲ್ಲ. ಕೊನೆಯ ಯುದ್ಧ ಎಂಬುದೊಂದು ಇಲ್ಲ. ಸಾವಿರ ವರ್ಷ ಆಳಿದವರು ಯಾವ ದಿನ ಮುಗಿದರು ಎಂಬುದು ನಮಗೆ ಗೊತ್ತಿಲ್ಲ. ಉಳಿದದ್ದು ಅಲ್ಲಲ್ಲಿ ನೆಟ್ಟ ಕಲ್ಲು, ಕೆಲವು ನಾಣ್ಯ. ಆ ನಾಣ್ಯಗಳ ಮೇಲೆ ಜೋಡಿ ಮೀನು.

ಈ ಜೋಡಿ ಮೀನು ನನ್ನ ಮಂಡೆ ಕೆಡಿಸಿತು. ಮೀನು ನಮ್ಮದಲ್ಲವಾ? ನಮ್ಮ ಊರಿನ ದೈವಸ್ಥಾನದ ಬದಿಯಲ್ಲಿ ಆಳೆತ್ತರದ ಒಂದು ಕಲ್ಲು ಉಂಟು. ಎಣ್ಣೆ, ಅರಿಶಿನ, ಕುಂಕುಮ ಮೆತ್ತಿ ಮೆತ್ತಿ ಅದರ ಮೇಲೆ ಕೈಬೆರಳು ದಪ್ಪದ ಪದರ. ಎಲ್ಲೋ ಸಂದಿನಲ್ಲಿ ಒಂದೆರಡು ಅಕ್ಷರ ಇಣುಕುತ್ತಿದ್ದವು. ಊರವರು ಅದಕ್ಕೆ ಮೀನಿನ ಕಲ್ಲು ಎನ್ನುತ್ತಿದ್ದರು. ಹಂಗಾಮಿನ ಮೊದಲ ಮೀನನ್ನು ತಂದು ಅದರ ಮುಂದೆ ಇಡುತ್ತಾರೆ, ಅದಕ್ಕೆ ಆ ಹೆಸರು. ಸಣ್ಣ ಮಗುವಿಗೂ ಗೊತ್ತಿದ್ದ ಸಂಗತಿ. ಎಂ.ಎ. ಮಾಡಿದ ನನಗೆ ಮಾತ್ರ ಬೇರೆ ಅರ್ಥ ಹೊಳೆಯಿತು. ಮೀನಿನ ಕಲ್ಲು ಎಂದರೆ ಮೀನು ಕೆತ್ತಿದ ಕಲ್ಲು, ಮೀನು ಕೆತ್ತಿದ್ದರೆ ಅದು ಆಳುಪರ ಲಾಂಛನ, ಲಾಂಛನ ಇದ್ದರೆ ಅದು ರಾಜರೇ ನಮ್ಮವರಿಗೆ ಕೊಟ್ಟ ದಾನ! ಒಂದೇ ಉಸಿರಿನಲ್ಲಿ ಲೇಖನ ಬರೆದು ಪೇಪರಿಗೆ ಕಳಿಸಿದೆ. "ಶಾಸನದ ನಡುವೆ ಜೋಡಿ ಮೀನು ಸ್ಪಷ್ಟವಾಗಿ ಕಾಣುತ್ತದೆ" ಎಂದು ಬರೆದೆ. ನಾನು ಕಂಡಿರಲಿಲ್ಲ. ಆ ಕಲ್ಲಿನ ಎಣ್ಣೆ ತೆಗೆದು ನೋಡಿರಲೇ ಇಲ್ಲ.

ಭಾನುವಾರ ಫೋಟೋ ಸಮೇತ ಅದು ಅಚ್ಚಾಯಿತು. ಫೋಟೋ ಕಲ್ಲಿನದಲ್ಲ, ನನ್ನದು. ನಮ್ಮ ಊರಿನಲ್ಲಿ ಆ ಪೇಪರನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಮುಂದಿನ ವರ್ಷ ಊರವರು ಕಲ್ಲನ್ನು ತೊಳೆದ ದಿನ ನಾನೂ ಹೋಗಿದ್ದೆ. ಪದರ ಕಳಚುವಾಗ ನಡುವಿನಲ್ಲಿ ನಿಜವಾಗಿಯೂ ಎರಡು ಮೀನು ಕಾಣಿಸಿದವು. ನನಗೆ ಅಳುವೇ ಬಂತು ಮಾರಾಯ್ರೆ. ಊಹಿಸಿ ಬರೆದದ್ದು ಹೀಗೆ ನಿಜವಾಗುವುದುಂಟೇ! ನನ್ನ ಬುದ್ಧಿಗೆ ನಾನೇ ಕೈಮುಗಿದೆ. ಅಕ್ಷರ ಓದುವುದು ಮುಂದಿನ ವರ್ಷ ಆಯಿತೆಂದುಕೊಂಡೆ. ಆ ಮುಂದಿನ ವರ್ಷ ಮೂವತ್ತು ವರ್ಷ ಬರಲಿಲ್ಲ.

ಬುಧವಾರ ಬೆಳಿಗ್ಗೆ ನಾನು ಕಾಗದ, ಬ್ರಶ್ಶು, ಮಸಿಯ ಡಬ್ಬ ಹಿಡಿದುಕೊಂಡು ಊರಿಗೆ ಹೋದೆ. ಮಾವ ಸ್ನಾನ ಮಾಡಿ, ಒದ್ದೆ ಬೈರಾಸು ಸುತ್ತಿಕೊಂಡು ದೈವಕ್ಕೆ ಅರಿಕೆ ಮಾಡಿಕೊಂಡು, "ಮುಟ್ಟು" ಎಂದು ಅಪ್ಪಣೆ ಕೊಟ್ಟರು. ಸೋಡಾಪುಡಿ ಹಾಕಿ ತೆಂಗಿನ ನಾರಿನಿಂದ ಉಜ್ಜಿ ಎಣ್ಣೆ ತೆಗೆಯಲು ಒಂದು ಗಂಟೆ ಹಿಡಿಯಿತು. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ ಬ್ರಶ್ಶಿನಿಂದ ತಟ್ಟಿದರೆ ಕಾಗದ ಅಕ್ಷರಗಳ ತಗ್ಗಿಗೆ ಇಳಿಯುತ್ತದೆ. ಮೇಲಿನಿಂದ ಮಸಿ ಒತ್ತಿದರೆ ಕಲ್ಲು ಕಪ್ಪಾಗಿ, ಅಕ್ಷರ ಬೆಳ್ಳಗೆ ಎದ್ದು ಬರುತ್ತದೆ. ಇದಕ್ಕೆ ಪಡಿಯಚ್ಚು ತೆಗೆಯುವುದು ಎನ್ನುತ್ತಾರೆ.

ಮೊದಲ ಮೂರು ಸಾಲು ಎದ್ದು ಬಂದವು. ಹಳೆಯ ಕನ್ನಡ, ದುಂಡಗಿನ, ಆಳವಾದ ಅಕ್ಷರ. ಆಳುಪ ಎಂಬುದು ಕಣ್ಣಿಗೆ ಹೊಡೆಯುವ ಹಾಗೆ ಇತ್ತು. ಅಲ್ಲಿಯೇ ಎದ್ದು ಕುಣಿಯಬೇಕೆನಿಸಿತು. ನಾಲ್ಕನೆಯ ಸಾಲಿನಲ್ಲಿ ಜಾಗದ ಗಡಿ: ಮೂಡಣ ಇಂಥದ್ದು, ಪಡುವಣ ಕಡಲ್. ಕಡಲೇ ಗಡಿ! ಅಂದರೆ ಇದೇ ಮರಳು. ಐದನೆಯ ಸಾಲಿಗೆ ಬ್ರಶ್ಶು ಬರುವಾಗ ಮೀನು ಬಂತು. ಎರಡೂ ಮೀನು ಆ ಸಾಲಿನ ಮೇಲೆ ಅಡ್ಡಲಾಗಿ ಮಲಗಿದ್ದವು. ಅಕ್ಷರಗಳ ಪಕ್ಕದಲ್ಲಲ್ಲ, ಅಕ್ಷರಗಳ ಮೇಲೆಯೇ. ಮೀನಿನ ಹೊಟ್ಟೆಯ ಕೆಳಗೆ ಒಂದು ಒತ್ತಕ್ಷರದ ಬಾಲ, ಬೆನ್ನಿನ ಮೇಲೆ ಒಂದು ದೀರ್ಘದ ತುದಿ, ನಡುವೆ ಏನೂ ಇಲ್ಲ. ಬಾಲ ಮುಗಿದ ಮೇಲೆ ಮತ್ತೆ ಅಕ್ಷರ ಶುರುವಾಗುತ್ತದೆ: "ರ್ಗ್ಗೆ ಕೊಟ್ಟರ್".

ಶಾಸನ ಓದದವರಿಗೆ ಹೇಳುತ್ತೇನೆ. "ರ್ಗ್ಗೆ" ಎಂದರೆ ಈಗಿನ "ರಿಗೆ". ಇಂಥವರಿಗೆ ಕೊಟ್ಟರು ಎಂಬುದರ ಬಾಲ. ಯಾವ ರಾಜ ಎಂಬುದು ಉಂಟು, ಯಾವ ಜಾಗ ಎಂಬುದು ಉಂಟು, ಕೊಟ್ಟರು ಎಂಬುದೂ ಉಂಟು. ಯಾರಿಗೆ ಎಂಬುದನ್ನು ಮೀನು ತಿಂದಿತ್ತು.

ಸಂಜೆ ಮನೆಗೆ ಬಂದು ಊಟದ ಮೇಜಿನ ಮೇಲೆ ಆ ಕಾಗದ ಹರಡಿಕೊಂಡು ಕುಳಿತೆ. ಬುದ್ಧಿ ಕಥೆ ಕಟ್ಟುತ್ತಲೇ ಇತ್ತು. ಹಿಂದಿನ ರಾಜನ ದಾನ, ಮುಂದಿನ ರಾಜನಿಗೆ ಅದು ಇಷ್ಟವಿರಲಿಲ್ಲ, ಹಾಗಾಗಿ ಹೆಸರು ಅಳಿಸಿ ಲಾಂಛನ ಕೆತ್ತಿಸಿದ. ತಮ್ಮತಮ್ಮೊಳಗೆ ಕಡಿದಾಡಿಕೊಂಡವರಲ್ಲವಾ, ಇರಬಹುದು. ಇದನ್ನೇ ನಾಳೆ ಹೇಳಿದರೆ ಮೀನಾದರೂ ಹಳೆಯದು ಎಂದಾಗುತ್ತದೆ, ಮೀನು ಇದ್ದಲ್ಲಿ ಮೀನುಗಾರರೂ ಇದ್ದರು ಎನ್ನಬಹುದು.

ನನ್ನ ಹೆಂಡತಿ ಕಂಕನಾಡಿ ಮಾರ್ಕೆಟಿನಿಂದ ಚೀಲ ಹಿಡಿದುಕೊಂಡು ಬಂದಳು. ಅವಳೂ ಕಡಲ ಬದಿಯ ಮನೆಯವಳೇ. ಮೇಜಿನ ಮೇಲೆ ಬಗ್ಗಿ ನೋಡಿದಳು.

"ಇದು ಬಂಗುಡೆ ಅಲ್ವಾ?"

"ಅದು ರಾಜಲಾಂಛನ. ಸುಮ್ಮನೆ ಹೋಗು ನೀನು."

"ರಾಜರದ್ದೋ ಮಂತ್ರಿಯದ್ದೋ, ಬಂಗುಡೆ. ಬಾಲದ ಹತ್ರ ಈ ಚೂರುಚೂರು ರೆಕ್ಕೆ ನೋಡಿ. ಮೇಲೆ ಐದು, ಕೆಳಗೆ ಐದು. ಬೆನ್ನಿನ ಮೇಲೆ ಬೊಟ್ಟು ಸಹ ಇಟ್ಟಿದ್ದಾರೆ. ಕೆತ್ತಿದವನಿಗೋ ಕೆತ್ತಿಸಿದವನಿಗೋ ಮೀನು ಚೆನ್ನಾಗಿ ಗೊತ್ತುಂಟು." ಚೀಲದಿಂದ ಒಂದು ಬಂಗುಡೆ ತೆಗೆದು ಕಾಗದದ ಪಕ್ಕದಲ್ಲಿ ಹಿಡಿದಳು. "ಹೌದಾ ಅಲ್ವಾ?"

ಹೌದು. ನಾಣ್ಯದ ಮೇಲಿನ ಮೀನು ಎಂದರೆ ಎರಡು ಬಾಗಿದ ಗೆರೆ, ಒಂದು ಕಣ್ಣು, ಅಷ್ಟೇ. ಯಾವ ಮೀನೂ ಆಗಬಹುದು. ಸಾಲಿಗೆ ಐದು ಚೂರು ರೆಕ್ಕೆ ಎಣಿಸಿ ಇಡಿಸುವವನು ರಾಜನ ಶಿಲ್ಪಿಯಲ್ಲ. ಚಿಕ್ಕಂದಿನಲ್ಲಿ ನನ್ನನ್ನು ದೋಣಿಯ ನೆರಳಿನಲ್ಲಿ ಕೂರಿಸಿ ಬಂಗುಡೆಯ ಆ ರೆಕ್ಕೆಗಳನ್ನು ಎಣಿಸಲು ಕಲಿಸಿದವರು ಒಬ್ಬರೇ. ಕಣ್ಣು ಕನ್ನಡಕ ಎರಡೂ ಇದ್ದು ಬೆಳಿಗ್ಗೆಯಿಂದ ಆ ಮೀನನ್ನು ನೋಡುತ್ತಿದ್ದವನಿಗೆ ಬಂಗುಡೆ ಬಂಗುಡೆಯಾಗಿ ಕಾಣಿಸಿರಲಿಲ್ಲ.

ಮಾವನಿಗೆ ಫೋನ್ ಮಾಡಿದೆ. "ಮಾವ, ಆ ಮೀನು..." ಎಂದೆ. "ನಾಳೆ ಬಾ, ಮಾತಾಡುವ," ಎಂದು ಇಟ್ಟುಬಿಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ.

ಗುರುವಾರ ಬೆಳಿಗ್ಗೆ ಬೇಗ ಹೊರಟೆ. ಆಫೀಸರು ಬರುವ ಮೊದಲು ಮಾವನನ್ನು ಒಂದು ಬದಿಗೆ ಕರೆದು, ಮೀನಿನ ವಿಷಯ ಎತ್ತಬೇಡಿ, ಅಕ್ಷರ ನಾನು ನೋಡಿಕೊಳ್ಳುತ್ತೇನೆ ಎನ್ನಬೇಕೆಂದಿದ್ದೆ. ಕೂಳೂರಿನಲ್ಲಿ ಬಸ್ಸು ಲಾರಿಗಳ ಹಿಂದೆ ಸಿಕ್ಕಿಹಾಕಿಕೊಂಡಿತು. ಅರ್ಧ ಗಂಟೆ ಒಂದು ಮಾರು ಹೋಗಲಿಲ್ಲ. "ಎಂತ ಮಾರಾಯ, ಇಳಿದು ನಡೆಯುವುದಾ?" ಎಂದು ಕಂಡಕ್ಟರನ ಮೇಲೆ ಹಾರಿದೆ. "ನಡೀರಿ ಸರ್, ನಿಮಗಿಂತ ಮೊದಲು ನಾನು ಮುಟ್ತೇನೆ," ಎಂದ ಅವನು. ಬಸ್ಸಿನವರೆಲ್ಲ ನಕ್ಕರು. ನನ್ನ ಅಂಗಿ ಬೆನ್ನಿಗೆ ಅಂಟಿತ್ತು.

ಊರು ಮುಟ್ಟುವಾಗ ಆಫೀಸರ ಜೀಪು ಬಂದಾಗಿತ್ತು. ದೋಣಿಗಳ ನಡುವೆ ಇಡೀ ಊರು ನಿಂತಿತ್ತು, ಯಾರೂ ಕಡಲಿಗೆ ಹೋಗಿರಲಿಲ್ಲ. ಮಾವ ಬಿಳಿ ಅಂಗಿ ಹಾಕಿ, ಹೆಗಲ ಮೇಲೆ ಶಾಲು ಹೊದ್ದು ಕಲ್ಲಿನ ಪಕ್ಕದಲ್ಲಿದ್ದರು. ಆಫೀಸರ ಜೊತೆ ಬಂದ ಶಾಸನ ಓದುವವರು ಮೂವತ್ತರ ಆಸುಪಾಸಿನ ಹೆಂಗಸು. ನನ್ನನ್ನು ಕಂಡದ್ದೇ, "ಸರ್, ನಿಮ್ಮ ಲೇಖನ ಓದಿದೀನಿ," ಎಂದು ಫೈಲಿನಿಂದ ಒಂದು ಜೆರಾಕ್ಸ್ ತೆಗೆದರು. ನನ್ನ ಆ ಕಾಲದ ಮುಖ ಅದರಲ್ಲಿ ಮೀಸೆ ತಿರುವಿಕೊಂಡು ಕುಳಿತಿತ್ತು.

ಅವರು ಕಲ್ಲಿನ ಮುಂದೆ ಮಂಡಿಯೂರಿ ಕುಳಿತರು. ಟಾರ್ಚನ್ನು ಬದಿಯಿಂದ ಹಿಡಿದು, ಬೆರಳಿನಿಂದ ಮುಟ್ಟಿ ಮುಟ್ಟಿ, ಒಂದೊಂದೇ ಸಾಲು ಜೋರಾಗಿ ಓದಿದರು. ಚೆನ್ನಾಗಿ ಓದುತ್ತಾರೆ, ನನಗಿಂತ ಚೆನ್ನಾಗಿ. "ಪಡುವಣ ಕಡಲ್" ಎಂದಾಗ ಜನರೊಳಗೆ ಒಂದು ಗುಜುಗುಜು ಎದ್ದಿತು. "ಹೇಳಿದೆನಲ್ಲ?" ಎಂದು ಮಾವ ಆಫೀಸರ ಕಡೆ ನೋಡಿದರು. ಆಮೇಲೆ ಟಾರ್ಚು ಮೀನಿನ ಮೇಲೆ ನಿಂತಿತು. ತುಂಬಾ ಹೊತ್ತು ನಿಂತಿತು. ಅವರು ಮೀನಿನ ತಗ್ಗಿನಲ್ಲಿ ಉಗುರು ಆಡಿಸಿದರು, ಅಕ್ಷರದ ತಗ್ಗಿನಲ್ಲಿ ಉಗುರು ಆಡಿಸಿದರು.

ಎದ್ದು ನನ್ನ ಹತ್ತಿರ ಬಂದು ಜೆರಾಕ್ಸನ್ನು ಮುಂದೆ ಹಿಡಿದರು. "ಸರ್, ನೀವು ಇದನ್ನ ಬರೆದಾಗ ಈ ಮೀನು ಕಲ್ಲಿನ ಮೇಲೆ ಇತ್ತಾ? ನೀವು ಕಣ್ಣಾರೆ ನೋಡಿದ್ರಾ?"

ಇತ್ತು ಎಂದರೆ ಮೀನು ಯಾವ ಕಾಲದ್ದೋ ಏನೋ, ಯಾವ ರಾಜ ಅಳಿಸಿದನೋ ಏನೋ ಎಂದು ವಾದ ಮಾಡಬಹುದು, ಮಾವನ ಮರ್ಯಾದೆಯೂ ಉಳಿಯುತ್ತದೆ. ಇರಲಿಲ್ಲ ಎಂದರೆ ಎಲ್ಲ ಮುಗಿಯಿತು. ಇಡೀ ಊರು ನನ್ನ ಬಾಯಿಯನ್ನೇ ನೋಡುತ್ತಿತ್ತು.

"ಇತ್ತು," ಎಂದೆ. "ನೋಡಿದ್ದೇನೆ."

"ಇರ್ಲಿಲ್ಲ," ಎಂದರು ಮಾವ.

ಆಫೀಸರು ಮಾವನ ಕಡೆ ತಿರುಗಿದರು. ಮಾವ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಎಷ್ಟೋ ಜನರನ್ನು ಈ ಕಲ್ಲಿನ ಮುಂದೆ ನಿಲ್ಲಿಸಿ ಸತ್ಯ ಹೇಳಿಸಿದ್ದೇನೆ ನಾನು. ಇಲ್ಲಿ ನಿಂತು ನೀನು ಹಾಗೆ ಹೇಳ್ಬಾರ್ದು." ಆಮೇಲೆ ಅವರಿಗೆ ಅಷ್ಟಾಗಿ ಬಾರದ ಕನ್ನಡದಲ್ಲಿ ಆ ಹೆಂಗಸಿಗೆ ಹೇಳತೊಡಗಿದರು. "ಮೀನು ನಾನು ಕೆತ್ತಿಸಿದ್ದು ಅಮ್ಮ. ಇವ ಪೇಪರಿನಲ್ಲಿ ಮೀನು ಉಂಟು ಅಂತ ಬರೆದ. ಅದನ್ನು ಓದಿ ಯಾರೋ ದೊಡ್ಡ ಪ್ರೊಫೆಸರು ಕಲ್ಲು ನೋಡ್ಲಿಕ್ಕೆ ಬರ್ತಾರೆ ಅಂತ ಸುದ್ದಿ ಬಂತು. ನಾನು ತೊಳೆದು ನೋಡಿದೆ. ಮೀನು ಇಲ್ಲ! ಪೇಪರಿನಲ್ಲಿ ಬಂದಾಗಿದೆ. ಪ್ರೊಫೆಸರು ಬಂದು ಇಲ್ಲ ಅಂದ್ರೆ ಇವನ ಮರ್ಯಾದೆ ಹೋಗ್ತದಲ್ಲ? ಇವನಿಗೆ ಆಗಷ್ಟೇ ಕೆಲಸ ಆದದ್ದು. ಕಾರ್ಕಳದಿಂದ ಒಬ್ಬ ಕಲ್ಲಿನ ಕೆಲಸದವನನ್ನು ಕರೆಸಿದೆ. ಅವನಿಗೆ ಮೀನು ಸರಿ ಬರ್ಲಿಲ್ಲ, ನಾನೇ ಪಕ್ಕದಲ್ಲಿ ಒಂದು ಬಂಗುಡೆ ಇಟ್ಟು ತೋರಿಸಿದೆ."

"ಅಲ್ಲಿ ಅಕ್ಷರ ಇತ್ತಲ್ಲ, ಅಜ್ಜ," ಎಂದರು ಆ ಹೆಂಗಸು, ಮೆಲ್ಲಗೆ.

"ಎಂತದೋ ಗೀಚಿದ ಹಾಗೆ ಇತ್ತು. ಉಪ್ಪುಗಾಳಿ ತಿಂದದ್ದು ಅಂತ ಗ್ರಹಿಸಿದೆ. ನಾನು ಎರಡನೇ ಕ್ಲಾಸು." ಮಾವ ಕಲ್ಲಿನ ಮೇಲೆ ಕೈಯಿಟ್ಟು, "ಆ ಪ್ರೊಫೆಸರು ಬರ್ಲೇ ಇಲ್ಲ," ಎಂದರು.

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ನಾಚಿಕೆ, ಸಿಟ್ಟು, ಮಾವನ ಮೇಲೆ ಒಂದು ತರಹದ ಅಳು ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಬಾಯಿ ತೆರೆದು, "ತಪ್ಪು ಅವರದ್ದಲ್ಲ, ನನ್ನದು, ನಾನು ನೋಡದೆ ಬರೆದೆ," ಎಂದೆ. ಸ್ವರ ನನಗೇ ಕೇಳಿಸಲಿಲ್ಲ, ಉಳಿದವರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ಆ ಹೆಂಗಸು ಕೆಟ್ಟವರಲ್ಲ. ಶಾಸನ ಅಸಲಿ, ಆಳುಪರದ್ದೇ, ಬಹಳ ಮುಖ್ಯವಾದದ್ದು ಎಂದರು. ದಾನ ನಿಜ, ಜಾಗ ಇದೇ. ಆದರೆ ಪಡೆದವರ ಹೆಸರು ಹೋಗಿದೆ, ಅದೂ ಈಚೆಗೆ ಹೋಗಿದೆ. ಅದು ದೇವಸ್ಥಾನದವರದ್ದೋ, ವ್ಯಾಪಾರಿಗಳದ್ದೋ, ನಿಮ್ಮದೋ, ಯಾರದ್ದೂ ಇರಬಹುದು. ಇಂಥವರದ್ದೇ ಎಂದು ಬರೆಯಲು ತನಗೆ ಆಗುವುದಿಲ್ಲ ಎಂದರು. ಕೊನೆಯ ಎರಡು ಸಾಲು ಓದುವಾಗ ಮಾತ್ರ ಸ್ವರ ಸಣ್ಣ ಮಾಡಿದರು. ದಾನಶಾಸನಗಳ ಕೊನೆಯಲ್ಲಿ ಒಂದು ಶಾಪ ಇರುತ್ತದೆ, ಇದನ್ನು ಕೆಡಿಸಿದವನಿಗೆ ಮಹಾಪಾಪ ಎಂದು. ಅದು ಒಂದಕ್ಷರ ಮುಕ್ಕಾಗದೆ ಉಳಿದಿತ್ತು. ಮಾವ ಕೇಳಿಸಿಕೊಂಡರು. ಅರ್ಥ ಕೇಳಲಿಲ್ಲ.

ಆಫೀಸರು ಬರೆದುಕೊಂಡರು. ಕಲ್ಲನ್ನು ಮ್ಯೂಸಿಯಮ್ಮಿಗೆ ಸಾಗಿಸುತ್ತಾರೆ, ಗೋಡೆ ಮೊದಲಿನ ಗೆರೆಯಲ್ಲಿಯೇ ಬರುತ್ತದೆ. ಜೀಪು ಹತ್ತುವ ಮೊದಲು, "ನನ್ನ ಕೈಲಿ ಇಷ್ಟೇ ಆಗೋದು," ಎಂದು ಮಾವನಿಗೆ ಕೈ ಮುಗಿದರು. ಮಾವನೂ ಮುಗಿದರು.

ಜನ ಸದ್ದಿಲ್ಲದೆ ಚದುರಿದರು. ಬೈದಿದ್ದರೆ ವಾಸಿಯಿತ್ತು. ನಾನೂ ಮಾವನೂ ಒಂದು ದೋಣಿಯ ನೆರಳಿನಲ್ಲಿ ಮರಳ ಮೇಲೆ ಕುಳಿತೆವು. ಮಾವ ಶಾಲು ತೆಗೆದು ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡರು.

"ಎಷ್ಟು ಅಕ್ಷರ ಹೋಗಿದೆ?"

"ಮೂರೋ ನಾಲ್ಕೋ ಮಾವ."

ಮಾವ ಬೆರಳು ಮಡಿಚಿದರು. "ಮೊ. ಗ. ವೀ." ಮೂರು ಬೆರಳು. ಆಮೇಲೆ, "ರಿಗೆ," ಎಂದರು, ತಮ್ಮಷ್ಟಕ್ಕೆ. ಆ ಹೆಸರು ಅಷ್ಟು ಹಳೆಯ ಕಲ್ಲಿನಲ್ಲಿ ಅದೇ ರೂಪದಲ್ಲಿ ಇರುವುದು ಕಷ್ಟ, ಅಷ್ಟೇ ಅಳತೆಗೆ ಕೂರುವ ಹೆಸರುಗಳು ಇನ್ನೂ ಎಷ್ಟೋ ಉಂಟು. ನನಗೆ ಗೊತ್ತಿತ್ತು. ಜನ್ಮದಲ್ಲಿ ಮೊದಲ ಸಲ ನಾನು ಪಾಠ ಹೇಳದೆ ಸುಮ್ಮನಿದ್ದೆ.

ಮಾವ ಮತ್ತೆ ಕೇಳಿದರು. "ಆಗ, ಪೇಪರಿಗೆ ಬರೆಯುವ ಮೊದಲು, ನೀನು ಒಮ್ಮೆ ಅದನ್ನು ತೊಳೆದು ನೋಡಿದ್ದರೆ, ಆ ಹೆಸರು ನಿನಗೆ ಓದ್ಲಿಕ್ಕೆ ಬರ್ತಿತ್ತಾ?"

ಅಕ್ಷರಗಳ ಆಳ ನನ್ನ ಬೆರಳಿಗೆ ಇನ್ನೂ ನೆನಪಿತ್ತು.

"ಬರ್ತಿತ್ತು ಮಾವ."

ಮಾವ ತಲೆಯಾಡಿಸಿದರು. ಸಿಟ್ಟಿನಿಂದಲ್ಲ. "ಒಂದು ಮಾತು ಹೇಳಿದ್ದರೆ ನೀರು ನಾನೇ ತಂದು ಕೊಡ್ತಿದ್ದೆ," ಎಂದರು.